ಏಪ್ರಿಲ್ ಮಳೆ ನೋಡಿ ಮುಂಗಾರು ಹೇಳಬಹುದಾ?

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಎರಡು ಜೋರು ಮಳೆ ಬಿತ್ತು, ಮುಂಗಾರೂ ಚೆನ್ನಾಗಿರುತ್ತಾ, ಈಗಲೇ ರಾಗಿ ಬಿತ್ತಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಇದು ಬೇಸಿಗೆಯ ಗುಡುಗಿನ ಮಳೆ. ಹಗಲೆಲ್ಲ ನೆಲ ಕಾದು, ಸಂಜೆ ಮೋಡ ಕಟ್ಟಿ ಸುರಿದು ಹೋಗುತ್ತದೆ. ಒಂದೂರಿಗೆ ಬಿದ್ದರೆ ಪಕ್ಕದೂರಿಗೆ ಹನಿಯೂ ಇಲ್ಲ. ಇದನ್ನು ನೋಡಿ ಮುಂಗಾರು ಹೇಳೋಕಾಗಲ್ಲ.

ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ನಕ್ಷತ್ರದ ಮಳೆ ಬಗ್ಗೆ 'ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ' ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ಆ ಮಾತಿನ ಮೇಲೆ ನನಗೆ ಗೌರವ ಇದೆ, ಆದರೆ ಅದನ್ನು ಉಳುಮೆಗೆ ಇಟ್ಟುಕೊಂಡಿದ್ದೇನೆ, ಬಿತ್ತನೆಗಲ್ಲ. ನಿನ್ನೆ ನಮ್ಮ ಹೊಲದಲ್ಲಿ ಗುದ್ದಲಿ ಹಾಕಿ ನೋಡಿದೆ. ಮೇಲೆ ನಾಲ್ಕು ಬೆರಳು ಹಸಿ, ಕೆಳಗೆ ಬರೀ ಧೂಳು.

ಘಟ್ಟ ದಾಟಿ ಕೋಲಾರಕ್ಕೆ ಬರುವಷ್ಟರಲ್ಲಿ ಮುಂಗಾರಿನ ಮೋಡ ಸೋತಿರುತ್ತದೆ. ಜೂನ್‌ನಲ್ಲಿ ಕಮ್ಮಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ನಮಗೆ ಜಾಸ್ತಿ. ಅದಕ್ಕೇ ಅಲ್ವಾ ಇಲ್ಲಿ ಹೆಚ್ಚಿನವರು ಜುಲೈ, ಆಗಸ್ಟ್‌ನಲ್ಲಿ ರಾಗಿ ಬಿತ್ತೋದು? ಈಗ ಹದ ಸಿಕ್ಕಿದ್ದರೆ ಒಂದು ಉಳುಮೆ ಮಾಡಿಬಿಡಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಕೊಟ್ಟ ಮುಂಗಾರಿನ ಅಂದಾಜನ್ನು ಮೇ ಕೊನೆಗೆ ತಿದ್ದಿ ಹೇಳುತ್ತದೆ, ಅದನ್ನೂ ನೋಡಿ.

ಅಂದ ಹಾಗೆ, ನಿಮ್ಮ ಮಾವಿಗೆ ಆಲಿಕಲ್ಲು ಬೀಳಲಿಲ್ಲ ತಾನೆ?