ಓದುಗರ ಪ್ರಶ್ನೆ: ಕಚೇರಿಯ ಕಂಪ್ಯೂಟರು, ಕರೆಂಟು, ಇ-ಕಸ

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ 2017ರಲ್ಲಿ ಕೊಂಡ 14 ಡೆಸ್ಕ್‌ಟಾಪ್‌ಗಳಿವೆ. ಆರನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಬೆಳಿಗ್ಗೆ ತೆರೆದುಕೊಳ್ಳಲು ಹತ್ತು ನಿಮಿಷ ಬೇಕೆಂದು ಸಂಜೆ ಯಾರೂ ಆರಿಸುವುದಿಲ್ಲ. ವಿಂಡೋಸ್ 10ಕ್ಕೆ ಬೆಂಬಲವೂ ನಿಂತಿದೆ. ಹೊಸತಾದರೆ ಕರೆಂಟು ಉಳಿಯುತ್ತದೆ, ಪರಿಸರಕ್ಕೂ ಒಳ್ಳೆಯದು, ಎಲ್ಲವನ್ನೂ ಬದಲಿಸಿ ಎನ್ನುತ್ತಾರೆ ಮಾರುವವರು. ಸರಿಯೇ?
– ಕಾರ್ಯದರ್ಶಿ, ಪೆರ್ಲ

ಉತ್ತರ: ಕರೆಂಟು ಉಳಿಸುವುದಕ್ಕಾಗಿ ಮಾತ್ರ ಆದರೆ ಖಂಡಿತ ಬೇಡ. ನಿಮ್ಮಲ್ಲಿರುವಂಥ ಯಂತ್ರ ಮಾನಿಟರ್ ಸೇರಿ ಸುಮಾರು 60 ವ್ಯಾಟ್ ಎಳೆಯುತ್ತದೆ, ಹೊಸ ಪುಟ್ಟ ಡೆಸ್ಕ್‌ಟಾಪ್ 25ರಷ್ಟು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದಿಟ್ಟರೂ ಒಂದರಿಂದ ಉಳಿಯುವುದು 84 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ವರ್ಷಕ್ಕೆ 59 ಕೆ.ಜಿ. ಉಳಿತಾಯ. ಅದೇ ಹೊಸ ಯಂತ್ರವನ್ನು ತಯಾರಿಸುವಾಗಲೇ 200 ಕೆ.ಜಿ.ಯ ಆಸುಪಾಸು ಹೊರಬಿದ್ದಿರುತ್ತದೆ. ಆ ಸಾಲ ತೀರಲು ಮೂರು ವರ್ಷ ಮಿಕ್ಕಿ ಬೇಕು.

ಈಗ ರಾತ್ರಿಯ ಲೆಕ್ಕ ನೋಡಿ. 14 ಯಂತ್ರ, 60 ವ್ಯಾಟ್, ಸಂಜೆಯಿಂದ ಬೆಳಿಗ್ಗೆವರೆಗೆ 15 ಗಂಟೆ: ಒಂದೇ ರಾತ್ರಿಗೆ 12.6 ಯೂನಿಟ್. ತಿಂಗಳ 25 ರಾತ್ರಿಗೆ 315, ವರ್ಷಕ್ಕೆ 3,780 ಯೂನಿಟ್. ಎಲ್ಲ 14 ಯಂತ್ರ ಬದಲಿಸಿದರೂ ಉಳಿಯುವುದು 1,176 ಮಾತ್ರ. ನಿಮ್ಮಲ್ಲಿ ನಷ್ಟವಾಗುತ್ತಿರುವುದು ಆರಿಸದ ಸ್ವಿಚ್ಚಿನಿಂದ, ಆರಿಸದಿರಲು ಕಾರಣ ಆ ನಿಧಾನದ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ 2.5 ಇಂಚಿನ, 256 ಜಿಬಿಯ, ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ಆಮೇಲೆ ಆರಿಸಿ ಹೋಗಿ ಎಂದರೆ ಸಿಬ್ಬಂದಿಗೂ ಕಷ್ಟವೆನಿಸದು. ಹಗಲಿಗೆ ಮಾನಿಟರ್ 5 ನಿಮಿಷಕ್ಕೆ, ಯಂತ್ರ 15 ನಿಮಿಷಕ್ಕೆ ಸ್ಲೀಪ್‌ಗೆ ಹೋಗುವಂತೆ ಇಡಿ. ಸ್ಕ್ರೀನ್ ಸೇವರ್‌ನಿಂದ ಏನೂ ಉಳಿಯುವುದಿಲ್ಲ, ಪರದೆಯ ದೀಪ ಉರಿಯುತ್ತಲೇ ಇರುತ್ತದೆ.

ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ಕೊಳ್ಳುವ ಮುಂಚೆ ಪೆಟ್ಟಿಗೆ ಬಿಚ್ಚಿ ಹಳೆಯ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿ ಓದಿ: ‘ಪಿಸಿ4’ ಎಂದಿದ್ದರೆ ಡಿಡಿಆರ್4, ‘ಪಿಸಿ3ಎಲ್’ ಎಂದಿದ್ದರೆ ಡಿಡಿಆರ್3ಎಲ್. ಆರನೇ ಪೀಳಿಗೆಯ ಬೋರ್ಡುಗಳಲ್ಲಿ ಎರಡೂ ಇವೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಮಳೆಗಾಲದ ತೇವಕ್ಕೆ ನಮ್ಮ ಕಡೆ ರ‍್ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗಿ, ಯಂತ್ರ ಬರೀ ಬೀಪ್ ಎನ್ನುತ್ತ ಕೂರುವುದುಂಟು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಬಾರಿ ಸರಿಯಾಗುತ್ತದೆ. ಇದೊಂದು ಗೊತ್ತಿಲ್ಲದೆ ಒಳ್ಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ.

ಇನ್ನು ಬೆಂಬಲದ ಮಾತು. ಅದು ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಜನರ ಹಣದ ವ್ಯವಹಾರ ನಡೆಯುವ ಯಂತ್ರವನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ಟಿಗೆ ಬಿಡಬಾರದು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಿನದನ್ನಷ್ಟೇ ಒಪ್ಪುತ್ತದೆ, ಅಡ್ಡದಾರಿಯಲ್ಲಿ ಹಾಕಿಸಿಕೊಳ್ಳಬೇಡಿ. ಸಂಸ್ಥೆಗಳಿಗೆ ಹಣ ಕೊಟ್ಟು ಮೂರು ವರ್ಷದವರೆಗೆ ಅಪ್‌ಡೇಟ್ ಪಡೆಯುವ ಅವಕಾಶವಿದೆ, ಆದರೆ ದರ ವರ್ಷ ವರ್ಷ ಇಮ್ಮಡಿಯಾಗುತ್ತದೆ. ಬ್ರೌಸರಿನಲ್ಲೇ ಕೆಲಸ ಮುಗಿಯುವ ಕಡೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಸಾಕು. ತೊಡಕು ಬರುವುದು ಪಾಸ್‌ಬುಕ್ ಪ್ರಿಂಟರಿನ ಡ್ರೈವರ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಇವುಗಳಲ್ಲಿ. ಒಂದೇ ಕೌಂಟರಿನಲ್ಲಿ 15 ದಿನ ನಡೆಸಿ ನೋಡಿ, ಒಗ್ಗದ ಎರಡು ಮೂರು ಯಂತ್ರಗಳನ್ನಷ್ಟೇ ಹೊಸತು ಮಾಡಿ. ಸಭೆಯ ನಡಾವಳಿಗಳು ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲವಾದರೆ ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಕೈಗೆ ರೂಢಿಯಾದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ.

ಪ್ರಶ್ನೆ: ಶಾಲೆಯ ಲ್ಯಾಬ್‌ನಲ್ಲಿ ಪ್ರತಿ ಕಂಪ್ಯೂಟರಿಗೂ 600 ವಿಎ ಯುಪಿಎಸ್ ಇದೆ. ಬ್ಯಾಟರಿ ಒಂದೂವರೆ ವರ್ಷವೂ ಬಾಳುವುದಿಲ್ಲ. ಸಿಡಿಲಿನ ಹೆದರಿಕೆಗೆ ಸಂಜೆ ಮೇನ್ ಸ್ವಿಚ್ ತೆಗೆದೇ ಹೋಗುತ್ತೇವೆ.
– ಅಧ್ಯಾಪಿಕೆ, ಅನುದಾನಿತ ಕನ್ನಡ ಮಾಧ್ಯಮ ಶಾಲೆ, ಕುಂಬಳೆ

ಉತ್ತರ: ಟೀಚರೇ, ಮೇನ್ ತೆಗೆಯುವುದು ಸರಿ, ತುಲಾ ಮಾಸದ ಸಿಡಿಲಿಗಂತೂ ಅದು ಬೇಕೇ ಬೇಕು. ತಪ್ಪಾಗುತ್ತಿರುವುದು ಅದಕ್ಕೂ ಮುಂಚೆ. ಯುಪಿಎಸ್‌ನ ಗುಂಡಿ ಆರಿಸದೆ ಮೇನ್ ತೆಗೆದರೆ ಕರೆಂಟು ಹೋಯಿತೆಂದೇ ಅದು ತಿಳಿದುಕೊಂಡು, ಖಾಲಿ ಕೋಣೆಯಲ್ಲಿ ಕೂಗುತ್ತ ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡುತ್ತದೆ. ದಿನವೂ ಹೀಗಾದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಮೊದಲು ಕಂಪ್ಯೂಟರ್, ಆಮೇಲೆ ಯುಪಿಎಸ್ ಗುಂಡಿ, ಕೊನೆಗೆ ಮೇನ್: ಈ ಕ್ರಮವನ್ನು ಬಾಗಿಲಿನ ಹಿಂದೆ ಬರೆದು ಅಂಟಿಸಿ. ಏಪ್ರಿಲ್-ಮೇ ರಜೆಯಲ್ಲಿ ತಿಂಗಳಿಗೊಮ್ಮೆ ಯಾರಾದರೂ ಬಂದು 8 ಗಂಟೆ ಚಾರ್ಜ್ ಮಾಡಲಿ. ಸುಮ್ಮನೆ ಇಟ್ಟರೂ ಬ್ಯಾಟರಿ ತಾನಾಗಿ ಇಳಿಯುತ್ತದೆ, ಸೆಕೆಗೆ ಇನ್ನೂ ಬೇಗ.

ಸೆಕೆ ಇನ್ನೊಂದು ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಇಂಥ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೇಜಿನ ಮುಚ್ಚಿದ ಖಾನೆಯಿಂದ ಯುಪಿಎಸ್ ಹೊರಗೆ ತೆಗೆಯಿರಿ. ಲೇಸರ್ ಪ್ರಿಂಟರ್ ಅದಕ್ಕೆ ಸಿಕ್ಕಿಸಲೇಬೇಡಿ. ಕಾಗದ ಕಾಯಿಸುವ ಫ್ಯೂಸರ್ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ.

ಬ್ಯಾಟರಿ ಸತ್ತಿದೆಯೇ ಎಂದು ತಿಳಿಯಲು ರಾತ್ರಿಯಿಡೀ ಚಾರ್ಜ್ ಮಾಡಿ, ಕಳಚಿ, ನಾಲ್ಕು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.7 ವೋಲ್ಟಿನ ಹತ್ತಿರ ಇರಬೇಕು. 12ಕ್ಕಿಂತ ಕೆಳಗಿದ್ದರೆ, ಇಲ್ಲವೇ ಪಕ್ಕ ಉಬ್ಬಿದ್ದರೆ ಅದರ ಕಥೆ ಮುಗಿಯಿತು. ಯುಪಿಎಸ್ ಎಸೆಯಬೇಡಿ, ಒಳಗಿನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಮಾತ್ರ ಬದಲಿಸಿ. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು ಬಿಲ್ಲಿನಲ್ಲಿ ಬೆಲೆ ಕಳೆಸಿಕೊಳ್ಳಿ. ಬಳಸಿದ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ಹಾಕಿದೆ.

ಪ್ರಶ್ನೆ: ಕಚೇರಿಯ ಗೋದಾಮಿನಲ್ಲಿ ಹಳೆ ಡಬ್ಬಿ ಮಾನಿಟರುಗಳು, ಸಿಪಿಯುಗಳು, ಒಂದು ಜೆರಾಕ್ಸ್ ಯಂತ್ರ ಬಿದ್ದಿವೆ. ಗುಜರಿಯವರು ಕೇಳುತ್ತಿದ್ದಾರೆ. ಕೊಡಬಹುದೇ?
– ಮಂಜೇಶ್ವರದ ಓದುಗರು

ಉತ್ತರ: ಕೊಡಬೇಡಿ. ಡಬ್ಬಿ ಮಾನಿಟರಿನ ಹಿಂಭಾಗದ ಗಾಜಿನಲ್ಲಿ ಸೀಸವಿದೆ. ಗುಜರಿಯಲ್ಲಿ ಅದನ್ನು ಒಡೆದು, ತಾಮ್ರದ ಸುರುಳಿ ಮಾತ್ರ ತೆಗೆದು ಗಾಜನ್ನು ತೋಡಿನ ಬದಿಗೆ ಸುರಿದರೆ ಮಳೆಗೆ ಸೀಸ ನೀರಿಗಿಳಿಯುತ್ತದೆ. ವಯರಿನ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಗಾಳಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಇದು ನೋಂದಾಯಿತ ಮರುಬಳಕೆದಾರರ ಕೈಗೇ ಹೋಗಬೇಕು. ಕೇರಳದಲ್ಲಿ ಸರಕಾರಿ ಕಚೇರಿ, ಶಾಲೆಗಳ ಇ-ಕಸ ಎತ್ತುವ ಕೆಲಸ ಕ್ಲೀನ್ ಕೇರಳ ಕಂಪೆನಿಯದು. ನಿಮ್ಮ ಸ್ಥಳೀಯಾಡಳಿತದ ಮೂಲಕ ಕೇಳಿ. ದಾಸ್ತಾನು ಪುಸ್ತಕದಿಂದ ವಸ್ತುಗಳನ್ನು ತೆಗೆದುಹಾಕಿದ ಆದೇಶ ಮೊದಲೇ ಕೈಯಲ್ಲಿರಲಿ, ತೂಕ ಬರೆದ ರಶೀದಿ ಪಡೆಯಿರಿ.

ಕೊಡುವ ಮುಂಚೆ ಮಾಹಿತಿ ಅಳಿಸಬೇಕು. ಫಾರ್ಮ್ಯಾಟ್ ಮಾಡಿದರೆ ಸಾಲದು, ಕಡತಗಳು ಹಿಂದಕ್ಕೆ ಬರುತ್ತವೆ. ‘ಎನ್‌ವೈಪ್’ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ತೆರೆದು ಒಂದು ಸುತ್ತು ಸೊನ್ನೆ ತುಂಬಿಸಿದರೆ ಹಾರ್ಡ್ ಡಿಸ್ಕಿಗೆ ಸಾಕು. 1 ಟಿಬಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಎಸ್‌ಎಸ್‌ಡಿಗೆ ಇದು ಹೊಂದದು, ತಯಾರಕರ ತಂತ್ರಾಂಶದಲ್ಲಿರುವ ‘ಸೆಕ್ಯೂರ್ ಇರೇಸ್’ ಬಳಸಿ. ಆ ಜೆರಾಕ್ಸ್ ಯಂತ್ರವನ್ನು ಮರೆಯಬೇಡಿ. ದೊಡ್ಡ ಡಿಜಿಟಲ್ ಯಂತ್ರಗಳೊಳಗೂ ಹಾರ್ಡ್ ಡಿಸ್ಕ್ ಇರುತ್ತದೆ, ನಕಲು ತೆಗೆದ ಆಧಾರ್ ಕಾರ್ಡ್, ಜಾಗದ ಆಧಾರಪತ್ರಗಳ ಚಿತ್ರ ಅದರಲ್ಲಿ ಉಳಿದಿರಬಹುದು.

ಪ್ರಶ್ನೆ: ಸರ್ವರ್ ಕೋಣೆಯ ಎಸಿ 18 ಡಿಗ್ರಿಯಲ್ಲೇ ಇರಬೇಕೇ?
– ಬದಿಯಡ್ಕದ ಓದುಗರು

ಉತ್ತರ: ಬೇಕಿಲ್ಲ. ಸರ್ವರಿನ ಮುಂಭಾಗಕ್ಕೆ ಬರುವ ಗಾಳಿ 27 ಡಿಗ್ರಿವರೆಗೆ ಇರಬಹುದು. 25ಕ್ಕೆ ಇಟ್ಟು, ಸರ್ವರಿನ ಮುಂದೆ ಒಂದು ಥರ್ಮಾಮೀಟರ್ ತೂಗುಹಾಕಿ ಒಂದು ವಾರ ನೋಡಿ. ಎಸಿಯ ಗಾಳಿ ನೇರ ಯಂತ್ರದ ಮೇಲೆ ಬೀಸದಿರಲಿ. ಮಳೆಗಾಲದಲ್ಲಿ ಬಾಗಿಲು ತೆರೆದಾಗ ಒಳಬಂದ ತೇವದ ಗಾಳಿ ಆ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗುತ್ತದೆ.