ಕರ್ಸಿಯಾಂಗ್ ಇರುವುದು ನೇಪಾಳದಲ್ಲಲ್ಲ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಡಾರ್ಜಿಲಿಂಗ್ ಚಹಾ ತೋಟಗಳ ಲೇಖನ ಓದಿದೆ. ಒಂದು ಫೋಟೊದ ಕೆಳಗೆ 'ಎಲೆ ಕೀಳುತ್ತಿರುವ ನೇಪಾಳದ ಹೆಂಗಸರು' ಎಂದಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಊರು ಕರ್ಸಿಯಾಂಗ್. 'ನೇಪಾಳಕ್ಕೆ ಯಾವಾಗ ಹೋಗ್ತೀಯಾ?' ಅಂದರೆ, 'ನಾನು ನೇಪಾಳದವನಲ್ಲ ಸಾರ್' ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಮಾತಾಡೋದು ಮಾತ್ರ ನೇಪಾಳಿ. ಪಶ್ಚಿಮ ಬಂಗಾಳದವರಾದರೆ ಬಂಗಾಳಿ ಯಾಕೆ ಮಾತಾಡಲ್ಲ?
– ಒಬ್ಬ ಓದುಗರು, ಹಾಸನ

ಸಂಪಾದಕರ ಉತ್ತರ:

ನಿಮ್ಮ ವಾಚ್‌ಮನ್ ಹೇಳಿದ್ದು ಸರಿ. ತಪ್ಪು ನಮ್ಮದು. ಆ ಫೋಟೊದಲ್ಲಿದ್ದವರು ನೇಪಾಳದವರಲ್ಲ, ಭಾರತದವರು. ಇನ್ನೂ ಎಷ್ಟೋ ಜನ ಅದನ್ನು ಓದಿ ಹಾಗೇ ನಂಬಿರುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಜಾಗ ನೋಡೋಣ. ಡಾರ್ಜಿಲಿಂಗ್ ಜಿಲ್ಲೆ ಪಶ್ಚಿಮ ಬಂಗಾಳದ ಉತ್ತರದ ತುದಿಯಲ್ಲಿದೆ. ಪಡುವಣಕ್ಕೆ ನೇಪಾಳ, ಬಡಗಣಕ್ಕೆ ಸಿಕ್ಕಿಂ. ಕೆಳಗಿನ ಸಿಲಿಗುರಿ ಬಯಲು, ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸು. ಅಲ್ಲಿಂದ ಪುಟ್ಟ ರೈಲು 88 ಕಿ.ಮೀ. ಹತ್ತಬೇಕು. ನಡುವೆ ಸಿಗುವುದೇ ಕರ್ಸಿಯಾಂಗ್. ಊರವರ ಬಾಯಲ್ಲಿ ಅದು ಖರ್ಸಾಂಗ್. ಅಲ್ಲಿ ಹಳಿ ಪೇಟೆಬೀದಿಯಲ್ಲೇ, ಅಂಗಡಿ ಬಾಗಿಲಿಗೆ ಅಂಟಿಕೊಂಡಂತೆ ಹಾದುಹೋಗುತ್ತದೆ. ಮುಂದೆ ಘೂಮ್, 2,258 ಮೀಟರ್ ಎತ್ತರದ ಸ್ಟೇಷನ್. ಅದನ್ನು ದಾಟಿ ಸ್ವಲ್ಪ ಇಳಿದರೆ ಡಾರ್ಜಿಲಿಂಗ್. ಮೋಡ ಸರಿದ ದಿನ ಎದುರಿಗೇ ಕಾಂಚನಜುಂಗಾ. ಕೆಳಗಿನ ಸಿಲಿಗುರಿಯಲ್ಲಿ ಬಂಗಾಳಿ, ಹಿಂದಿ ಜಾಸ್ತಿ ಕೇಳಿಸುತ್ತದೆ. ಬೆಟ್ಟ ಹತ್ತುತ್ತಾ ಹೋದಂತೆ ಎಲ್ಲರ ಬಾಯಲ್ಲೂ ನೇಪಾಳಿ.

ಯಾಕೆ ಅಂದರೆ, ಈ ಬೆಟ್ಟಗಳು ಬಂಗಾಳಕ್ಕೆ ಸೇರಿದ್ದೇ ತಡವಾಗಿ. ಮೊದಲು ಇದು ಸಿಕ್ಕಿಂ ರಾಜರ ನೆಲ. ನಡುವೆ ಕೆಲವು ದಶಕ ನೇಪಾಳದ ಗೋರ್ಖಾ ರಾಜ್ಯದ ಕೈಯಲ್ಲೂ ಇತ್ತು. 1835ರಲ್ಲಿ ಸಿಕ್ಕಿಂ ರಾಜರು ಡಾರ್ಜಿಲಿಂಗ್ ಬೆಟ್ಟವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಪಕ್ಕದ ಕಾಲಿಂಪಾಂಗ್ ಭೂತಾನದ್ದಾಗಿತ್ತು. 1865ರಲ್ಲಿ, ಯುದ್ಧದ ನಂತರ, ಅದೂ ಬ್ರಿಟಿಷರಿಗೆ ಬಂತು. (2017ರಿಂದ ಕಾಲಿಂಪಾಂಗ್ ಬೇರೆ ಜಿಲ್ಲೆ.) ಗಡಿ ಇಷ್ಟು ಸಲ ಆಚೀಚೆ ಸರಿದಿದೆ. ಜನ ಅಲ್ಲೇ ಇದ್ದರು. ಎಲ್ಲರಿಗಿಂತ ಹಳಬರು ಲೆಪ್ಚಾಗಳು. ತಮ್ಮನ್ನು ತಾವು ರೋಂಗ್ ಎಂದು ಕರೆದುಕೊಳ್ಳುವ ಈ ಜನಕ್ಕೆ ಸ್ವಂತ ಭಾಷೆಯಿದೆ, ಸ್ವಂತ ಲಿಪಿಯಿದೆ.

1850ರ ದಶಕದಲ್ಲಿ ಚಹಾ ತೋಟಗಳು ಶುರುವಾದವು. ಕಾಡು ಕಡಿಯಲು, ರಸ್ತೆ ಮಾಡಲು, ಗಿಡ ನೆಡಲು ಪೂರ್ವ ನೇಪಾಳದ ಬೆಟ್ಟಗಳಿಂದ ಸಾವಿರಾರು ಜನ ಬಂದರು. ರಾಯ್, ಲಿಂಬು, ತಮಾಂಗ್, ಗುರುಂಗ್, ಮಗರ್, ನೇವಾರ್ – ಹೀಗೆ ಹತ್ತಾರು ಸಮುದಾಯ. ಇವರಲ್ಲಿ ಬಹಳಷ್ಟು ಜನರ ಮನೆಮಾತು ಬೇರೆ ಬೇರೆ. ತೋಟದ ಲೈನುಮನೆಗಳಲ್ಲಿ ಒಟ್ಟಿಗೆ ಬದುಕಬೇಕಾದಾಗ ಎಲ್ಲರನ್ನೂ ಕೂಡಿಸಿದ್ದು ನೇಪಾಳಿ. ಇವತ್ತು ಅಲ್ಲಿನ ಎಷ್ಟೋ ರಾಯ್, ತಮಾಂಗ್ ಮಕ್ಕಳಿಗೆ ಅದೇ ತಾಯಿನುಡಿ.

ಪತ್ರಿಕೆಯವನಾದ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. 1901ರಲ್ಲೇ ಡಾರ್ಜಿಲಿಂಗ್‌ನಿಂದ 'ಗೋರ್ಖೆ ಖಬರ್ ಕಾಗತ್' ಎಂಬ ನೇಪಾಳಿ ಮಾಸಪತ್ರಿಕೆ ಹೊರಟಿತು. ನಡೆಸಿದವರು ಪಾದ್ರಿ ಗಂಗಾಪ್ರಸಾದ್ ಪ್ರಧಾನ್. 1924ರಲ್ಲಿ ಅದೇ ಊರಿನಲ್ಲಿ ನೇಪಾಳಿ ಸಾಹಿತ್ಯ ಸಮ್ಮೇಳನ ಎಂಬ ಸಂಸ್ಥೆ ಹುಟ್ಟಿತು. ಸೂರ್ಯ ವಿಕ್ರಮ ಜ್ಞವಾಲಿ, ಧರಣೀಧರ ಕೊಯಿರಾಲ, ಪಾರಸಮಣಿ ಪ್ರಧಾನ್ ಅದರ ಹಿಂದಿದ್ದವರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಜನ ಅವರನ್ನು 'ಸುಧಪ' ಎಂದೇ ಕರೆದರು. ಆ ಭಾಷೆಯ ಸಾಹಿತ್ಯ ಬೆಳೆದದ್ದು ಕಾಠ್ಮಂಡುವಿನಲ್ಲಿ ಮಾತ್ರವಲ್ಲ, ಈ ಬೆಟ್ಟದ ಮೇಲೂ. ನಮ್ಮ ದೇಶದ ಸಂವಿಧಾನ ರಚನಾ ಸಭೆಯಲ್ಲಿ ಡಾರ್ಜಿಲಿಂಗ್‌ನ ಅರಿ ಬಹಾದುರ್ ಗುರುಂಗ್ ಕೂತಿದ್ದರು.

ಬಂಗಾಳಿ ಯಾಕೆ ಮಾತಾಡಲ್ಲ ಅಂದಿರಿ. ಕಾರವಾರದ, ಮಂಗಳೂರಿನ ಕೊಂಕಣಿಗರನ್ನು 'ನೀವು ಗೋವಾದವರಾ?' ಅಂತ ನಾವು ಕೇಳುತ್ತೇವಾ? ಇಲ್ಲ ಅಲ್ವಾ. 1992ರಲ್ಲಿ ಒಂದೇ ತಿದ್ದುಪಡಿಯಿಂದ ಕೊಂಕಣಿ, ಮಣಿಪುರಿ, ನೇಪಾಳಿ ಮೂರೂ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ದೇಶ ಮಾನ್ಯ ಮಾಡಿದ ಭಾಷೆಗಳ ಪಟ್ಟಿಗೆ, ಸೇರಿದವು. ಅದರ ನೆನಪಿಗೆ ಬೆಟ್ಟದವರು ಆಗಸ್ಟ್ 20ನ್ನು ಇವತ್ತಿಗೂ ಭಾಷಾ ದಿವಸ ಎಂದು ಆಚರಿಸುತ್ತಾರೆ. ಪಶ್ಚಿಮ ಬಂಗಾಳ ಸರ್ಕಾರವಂತೂ 1961ರ ಕಾಯಿದೆಯಲ್ಲೇ ಬೆಟ್ಟದ ಭಾಗಗಳಲ್ಲಿ ನೇಪಾಳಿಯನ್ನು ಆಡಳಿತಕ್ಕೆ ಒಪ್ಪಿಕೊಂಡಿತ್ತು.

ನಿಮ್ಮ ವಾಚ್‌ಮನ್ ಮುಖ ಸಣ್ಣ ಮಾಡಿಕೊಳ್ಳುವುದು ಇದಕ್ಕೇ ಇರಬೇಕು. ಐದಾರು ತಲೆಮಾರು ಒಂದೇ ನೆಲದಲ್ಲಿ ಬಾಳಿದರೂ 'ಯಾವ ದೇಶ?' ಅನ್ನೋ ಪ್ರಶ್ನೆ ತಪ್ಪುವುದಿಲ್ಲ. ಅದಕ್ಕೇ ಅವರಲ್ಲಿ ಬಹಳ ಜನ ತಮ್ಮನ್ನು ನೇಪಾಳಿ ಎನ್ನದೆ ಗೋರ್ಖಾ ಎಂದು ಹೇಳಿಕೊಳ್ಳುತ್ತಾರೆ. ಪ್ರತ್ಯೇಕ ಗೋರ್ಖಾಲ್ಯಾಂಡ್ ರಾಜ್ಯದ ಕೂಗಿನ ಬೇರೂ ಇಲ್ಲೇ ಇದೆ. 1986ರಿಂದ 88ರವರೆಗೆ ಅದಕ್ಕಾಗಿ ರಕ್ತ ಹರಿಯಿತು. 2017ರಲ್ಲಿ ಬೆಟ್ಟ 104 ದಿನ ಬಂದ್ ಆಯಿತು. ರಾಜ್ಯ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆ ಕೂಗಿನ ಹಿಂದಿನ ನೋವು ನಿಜ.

ಇನ್ನೊಂದು ನೋವು ತೋಟದ್ದು. ಅಲ್ಲಿನವರು ಚಹಾ ತೋಟಕ್ಕೆ 'ಕಮಾನ್' ಅನ್ನುತ್ತಾರೆ. ಬುಟ್ಟಿಗೆ 'ಡೋಕೊ'. ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನ ಮೇಲೆ ಹೊತ್ತು, ಕಡಿದಾದ ಇಳಿಜಾರಿನಲ್ಲಿ ಹೆಂಗಸರು ಎರಡು ಎಲೆ ಒಂದು ಕುಡಿ ಚಿವುಟುತ್ತಾರೆ. ಆ ಚಹಾಕ್ಕೆ ಭಾರತದ ಮೊದಲ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಕೀಳುವವರಲ್ಲಿ ಹೆಚ್ಚಿನವರಿಗೆ ತಮ್ಮ ಮನೆ ನಿಂತ ನೆಲದ ಹಕ್ಕುಪತ್ರವೇ ಇಲ್ಲ. ಮನೆ ಉಳಿಯಬೇಕಾದರೆ ಮನೆಯವರೊಬ್ಬರು ತೋಟದ ಕೆಲಸದಲ್ಲಿರಬೇಕು. ಹಾಗಾಗಿ ಅಮ್ಮ ಬುಟ್ಟಿ ಹೊರುತ್ತಾಳೆ, ಮಗ ಬೆಂಗಳೂರಿಗೋ ದೆಹಲಿಗೋ ಹೊರಡುತ್ತಾನೆ.

ನಮ್ಮಲ್ಲಿ ರಾತ್ರಿ ಸೀಟಿ ಊದುತ್ತಾ ಬರುವವರನ್ನೆಲ್ಲ ಸುಮ್ನೆ 'ಗೂರ್ಖಾ' ಅಂದುಬಿಡುತ್ತೇವೆ. ಅದು ಕೆಲಸದ ಹೆಸರಲ್ಲ, ಒಂದು ಜನದ ಹೆಸರು. ನಿಮ್ಮ ವಾಚ್‌ಮನ್ ನಿಮಗಿಂತ ದೊಡ್ಡವರಾದರೆ 'ದಾಜು' ಅನ್ನಿ, ಅಣ್ಣ ಅಂತ ಅರ್ಥ. ಚಿಕ್ಕವರಾದರೆ 'ಭಾಯಿ'. ಈ ಸಲ ನೇಪಾಳದ ಮಾತು ಬಿಟ್ಟು, ಖರ್ಸಾಂಗ್‌ನಲ್ಲಿ ಈಗ ಮಳೆಯಾ, ಬೆಟ್ಟ ಕುಸಿದಿಲ್ಲ ತಾನೆ ಎಂದು ವಿಚಾರಿಸಿ.

ಹೋದ ಸಂಚಿಕೆಯ ಆ ಫೋಟೊದ ಕೆಳಗಿನ ಸಾಲನ್ನು ಓದುಗರು ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕು: 'ಡಾರ್ಜಿಲಿಂಗ್ ಜಿಲ್ಲೆಯ ತೋಟವೊಂದರಲ್ಲಿ ಎಲೆ ಕೀಳುತ್ತಿರುವ ಗೋರ್ಖಾ ಮಹಿಳೆಯರು.' ಅವರ ಕ್ಷಮೆಯನ್ನೂ ಕೇಳುತ್ತೇನೆ.