ಇಪ್ಪತ್ತಾರು ಅಂಕಿಗಳ ಉತ್ತರವನ್ನು ಒರೆಗೆ ಹಚ್ಚುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಮತ್ತು 2,465,099,745,779 ಎಂಬ ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿ, 18,947,668,177,995,426,462,773,730 ಎಂದು ಉತ್ತರಿಸಿದರೆಂದು ಓದಿದ್ದೇನೆ. ನನ್ನ ಮೊಬೈಲಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿಗಳನ್ನಷ್ಟೇ ತೋರಿಸುತ್ತದೆ. ಪೂರ್ತಿ ಗುಣಿಸದೆ ಇದನ್ನು ತಾಳೆ ನೋಡಬಹುದೇ? ಈ ಸಂಖ್ಯೆಗೆ ವಿಶೇಷ ಗುಣಗಳಿವೆಯೇ?

ಉತ್ತರ: ನೋಡಬಹುದು, ಒಂದು ಹಾಳೆ ಕಾಗದ ಸಾಕು. ಶಾಲೆಯಲ್ಲಿ ಕಲಿತ ಒಂಬತ್ತರ ಪರೀಕ್ಷೆಯಿಂದ ಆರಂಭಿಸೋಣ. ಗುಣ್ಯದ ಅಂಕಿಗಳ ಮೊತ್ತ 78, ಗುಣಕದ್ದು 74. ಇವನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷಗಳು 6 ಮತ್ತು 2. ಅವುಗಳ ಗುಣಲಬ್ಧ 12, ಅಂದರೆ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಅದರ ಶೇಷವೂ 3. ಆದರೆ ಎರಡು ಅಂಕಿಗಳು ಅದಲುಬದಲಾದರೂ ಮೊತ್ತ ಬದಲಾಗದ ಕಾರಣ ಈ ಪರೀಕ್ಷೆಯನ್ನೊಂದೇ ನಂಬುವಂತಿಲ್ಲ.

ಆದ್ದರಿಂದ 1001ರ ಪರೀಕ್ಷೆ ಬೇಕು. ನಾವು ಸಾಮಾನ್ಯವಾಗಿ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಅಲ್ಪವಿರಾಮ ಹಾಕುತ್ತೇವಾದರೂ ಇಲ್ಲಿ ಮೂರು ಮೂರು ಅಂಕಿಗಳ ಗುಂಪುಗಳೇ ಅನುಕೂಲ. 1000ವು 1001ಕ್ಕಿಂತ ಒಂದು ಕಡಿಮೆಯಾದ್ದರಿಂದ, ಗುಂಪುಗಳನ್ನು ಬಲದಿಂದ ಎಡಕ್ಕೆ ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋದರೆ ಸಿಗುವ ಫಲದ ಶೇಷವೇ ಮೂಲ ಸಂಖ್ಯೆಯ ಶೇಷವೂ ಆಗಿರುತ್ತದೆ. ಮೊದಲ ಸಂಖ್ಯೆಗೆ 870 − 774 + 369 − 686 + 7 = −214; ಎರಡನೆಯದಕ್ಕೆ −330. ಇವುಗಳ ಗುಣಲಬ್ಧ 70,620. ಇದರಿಂದ 1001ರ ಎಪ್ಪತ್ತು ಪಟ್ಟನ್ನು, ಅಂದರೆ 70,070ನ್ನು, ಕಳೆದರೆ 550. ಉತ್ತರದ ಒಂಬತ್ತು ಗುಂಪುಗಳನ್ನೂ ಹೀಗೆಯೇ ಲೆಕ್ಕ ಮಾಡಿದರೆ ಕರಾರುವಾಕ್ಕಾಗಿ 550 ಬರುತ್ತದೆ. ಗುಂಪುಗಳನ್ನು ಬರಿದೇ ಕೂಡಿಸಿದರೆ ಅದು 999ರ ಪರೀಕ್ಷೆ: ಅಲ್ಲಿ ಶೇಷಗಳು 708 ಮತ್ತು 92, ಅವುಗಳ ಗುಣಲಬ್ಧದ ಶೇಷ 201, ಉತ್ತರದ್ದೂ 201. ಮನಬಂದಂತೆ ಬರೆದ ತಪ್ಪು ಉತ್ತರವೊಂದು ಈ ಎರಡು ಜರಡಿಗಳನ್ನೂ ದಾಟುವ ಸಂಭವ ಸುಮಾರು ಹತ್ತು ಲಕ್ಷಕ್ಕೆ ಒಂದು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಗಣಿತದ ರುಜುವಾತಲ್ಲ, ಬಲವಾದ ಸಾಕ್ಷ್ಯ ಮಾತ್ರ.

ಇನ್ನು ಗುಣಗಳ ಮಾತು. ಆ ಸಂಖ್ಯೆಗಳನ್ನು ಕಂಪ್ಯೂಟರ್ ವಿಭಾಗದವರು ಯಾದೃಚ್ಛಿಕವಾಗಿ ಆರಿಸಿದ್ದರಿಂದ ಗುಣಲಬ್ಧದಲ್ಲಿ ಅಪರೂಪದ ವಿನ್ಯಾಸವನ್ನು ನಿರೀಕ್ಷಿಸುವಂತಿಲ್ಲ. ಆದರೂ ಮೇಲಿನ ಶೇಷಗಳೇ ಸಾಕಷ್ಟು ಹೇಳುತ್ತವೆ. 1001 ಎಂದರೆ 7 × 11 × 13. ಅದರ ಪರೀಕ್ಷೆಯಲ್ಲಿ ಬಂದ ಶೇಷ 550 ಹನ್ನೊಂದರಿಂದ ಭಾಗವಾಗುತ್ತದೆ, 7 ಅಥವಾ 13ರಿಂದ ಆಗುವುದಿಲ್ಲ; ಹಾಗಾಗಿ ಉತ್ತರವೂ ಅಷ್ಟೇ. ಗುಣ್ಯದಿಂದ 2, 3, 5, ಗುಣಕದಿಂದ 11 ಬಂದು ಸೇರಿವೆ, ಪ್ರತಿಯೊಂದೂ ಒಂದೇ ಸಲ. ಆದಕಾರಣ ಉತ್ತರವು 330ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಪೂರ್ಣವರ್ಗವಾಗಲಿ ಪೂರ್ಣಘನವಾಗಲಿ ಅಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನು ಏಕ, ದಶ, ಶತ ಎಂಬಂತೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಈ ಸಂಖ್ಯೆಯ ಮೊದಲ ಎರಡು ಅಂಕಿಗಳು ಆ ಪಟ್ಟಿಯನ್ನೂ ಮೀರಿ ನಿಲ್ಲುತ್ತವೆ.